ಗಂಟು ಹಾಕದ ಹಗ್ಗ

ನನ್ನ ಬಲ ಅಂಗೈಯಲ್ಲಿ, ಕಿರುಬೆರಳ ಬುಡದಿಂದ ಹೆಬ್ಬೆರಳ ಬುಡದವರೆಗೆ ಅಡ್ಡಲಾಗಿ ಒಂದು ನುಣುಪಾದ ಗೆರೆ ಇದೆ. ಕಾಫಿ ಲೋಟ ಹಿಡಿದಾಗ ಅಂಗೈಯೆಲ್ಲ ಬಿಸಿಯಾದರೂ ಆ ಗೆರೆಗೆ ಮಾತ್ರ ಏನೂ ತಿಳಿಯುವುದಿಲ್ಲ. ಹಗ್ಗ ಜಾರಿ ಸುಟ್ಟ ಗುರುತು ಅದು. ಹಗ್ಗದ ಇನ್ನೊಂದು ತುದಿಯಲ್ಲಿ ಒಂದು ಹೋರಿ ಇತ್ತು. ಹೋರಿಯ ಕಾಲ ಕೆಳಗೆ ನೆಲ ಇರಲಿಲ್ಲ.

ಪಶುವೈದ್ಯಳಾಗಿ ನನ್ನ ಹೆಚ್ಚಿನ ಕಾಲ ಕಳೆದದ್ದು ಬಂಗಾರಪೇಟೆಗೂ ಕೆಜಿಎಫ್‌ಗೂ ನಡುವಿನ ಹಳ್ಳಿಗಳಲ್ಲಿ. ನಾನು ನಿವೃತ್ತಳಾದ ಮೇಲೆ ನನ್ನ ಜಾಗಕ್ಕೆ ಬಂದ ಹುಡುಗಿ ಕಾವ್ಯಾ ಒಂದು ಭಾನುವಾರ ಮನೆಗೆ ಬಂದು, "ಮೇಡಂ, ಈ ಕೆಲಸ ನಿಜವಾಗಲೂ ಹೇಗಿರುತ್ತೆ?" ಎಂದು ಕೇಳಿದಳು. ಹೇಳಲು ಹೊರಟೆ. ಎಲ್ಲಿಂದ ಶುರು ಮಾಡಿದರೂ ಮಾತು ಹಗ್ಗದ ಹತ್ತಿರ ಬಂದು ನಿಲ್ಲುತ್ತಿತ್ತು. ಅವಳು ಎರಡು ಲೋಟ ಕಾಫಿ ಕುಡಿದು, ಏನೂ ಅರ್ಥವಾಗದೆ ಎದ್ದು ಹೋದಳು. ಅದಕ್ಕೇ ಬರೆಯುತ್ತಿದ್ದೇನೆ. ಬಡ್ತಿ, ವರ್ಗಾವಣೆಗಳೆಲ್ಲ ಬೀಳ್ಕೊಡುಗೆಯ ದಿನ ಕೊಟ್ಟ ಸನ್ಮಾನ ಪತ್ರದಲ್ಲಿವೆ, ಅವು ಅಲ್ಲೇ ಇರಲಿ.

ಕೆಲಸಕ್ಕೆ ಸೇರಿದಾಗ ನನ್ನ ಮೇಲಧಿಕಾರಿ ರಂಗನಾಥ ಸಾಹೇಬರು. ಬಾಯಿ ಬಿಟ್ಟರೆ ಬೈಗುಳ, ಆದರೆ ಸೂಕ್ಷ್ಮದರ್ಶಕದ ಮುಂದೆ ಕೂತರೆ ಮಗುವಿನಂತಾಗುತ್ತಿದ್ದರು. ಆಗ ಆಸ್ಪತ್ರೆಯಲ್ಲಿ ಕರೆಂಟು ನೆಚ್ಚುವಂತಿರಲಿಲ್ಲ. ಕಿಟಕಿ ಬಳಿ ಮೇಜು ಎಳೆದು, ಕನ್ನಡಿಯಿಂದ ಬಿಸಿಲು ಹಿಡಿದು ನೋಡಬೇಕಿತ್ತು. ಮೋಡ ಬಂದರೆ ಆ ದಿನದ ವಿಜ್ಞಾನ ಮುಗಿಯಿತು.

ಒಂದು ದಿನ ಹತ್ತಿರದ ಹಳ್ಳಿಯೊಂದರ ಯಜಮಾನ ವೆಂಕಟಸ್ವಾಮಪ್ಪ ತಮ್ಮ ಎಳೆಯ ಹೋರಿಯನ್ನು ಹೊಡೆದುಕೊಂಡು ಬಂದರು. ಸುತ್ತಲ ಹಳ್ಳಿಗಳ ಹಸುಗಳನ್ನು ಅದರ ಹತ್ತಿರ ಕರೆತರುತ್ತಿದ್ದರು. ಹಸುಗಳು ಬರುತ್ತಿದ್ದವು, ಹೋಗುತ್ತಿದ್ದವು, ಒಂದೂ ಗಬ್ಬ ನಿಲ್ಲುತ್ತಿರಲಿಲ್ಲ. ಊರಿನಲ್ಲಿ ನಗೆಪಾಟಲು.

ನಾನು ಹೆಂಗಸು ಎಂಬ ಕಾರಣಕ್ಕೆ ಅವರು ಸಾಹೇಬರ ಕಡೆ ತಿರುಗಿ ಪಿಸುಗುಟ್ಟಿದರು. "ಈ ಅಮ್ಮಣ್ಣಿ ಆಚೆ ಓಗ್ಲಿ ಸಾಮಿ, ಆಮೇಲೆ ಯೋಳ್ತೀನಿ."

"ಆ ಅಮ್ಮಣ್ಣಿನೇ ನೋಡೋದು. ನೀನು ಬೇಕಾದ್ರೆ ಆಚೆ ಹೋಗು" ಎಂದರು ಸಾಹೇಬರು.

ಗಾಜಿನ ಪಟ್ಟಿಯ ಮೇಲೆ ಒಂದು ಹನಿ ವೀರ್ಯ ಇಟ್ಟು ನೋಡಿದೆ. ವೀರ್ಯಾಣುಗಳು ಬೇಕಾದಷ್ಟಿದ್ದವು. ತಲೆ ಸರಿಯಾಗಿದೆ, ಬಾಲ ಸರಿಯಾಗಿದೆ. ಆದರೆ ಬಹುಪಾಲು ನಿಂತಲ್ಲೇ ಅದುರುತ್ತಿದ್ದವು, ಮುಂದಕ್ಕೆ ಹೋಗುತ್ತಿರಲಿಲ್ಲ. "ಕುತ್ತಿಗೆ ನೋಡು" ಎಂದರು ಸಾಹೇಬರು. ನೋಡಿದೆ. ತಲೆಯೂ ಬಾಲವೂ ಸೇರುವಲ್ಲಿ ಒಂದು ಸಣ್ಣ ಹನಿ, ಎಲೆಯ ತೊಟ್ಟಿನಲ್ಲಿ ನಿಂತ ಇಬ್ಬನಿಯ ಹಾಗೆ.

"ಅದು ಹಸಿ ಅನ್ನೋದಕ್ಕೆ ಗುರುತು. ಬಲಿತದ್ದಾದರೆ ಆ ಹನಿ ಕೆಳಗೆ ಜಾರಿ ಉದುರಿ ಹೋಗಿರುತ್ತೆ" ಎಂದು ಹೇಳಿ, ವೆಂಕಟಸ್ವಾಮಪ್ಪನವರ ಕಡೆ ತಿರುಗಿದರು. "ಮಾವಿನ ತೋಟ ಇಟ್ಟಿದ್ದೀಯಲ್ಲಯ್ಯ, ಎಳೆಗಾಯಿ ಕಿತ್ತು ಹುಲ್ಲಿನಲ್ಲಿ ಮುಚ್ಚಿದರೆ ಹಣ್ಣಾಗುತ್ತಾ?"

"ಆಗಕಿಲ್ಲ, ಸುಕ್ಕು ಬೀಳ್ತವೆ."

"ನಿನ್ನ ಹೋರಿ ಒಳಗೆ ಆಗಿರೋದೂ ಅದೇ. ಬಲಿಯೋಕೆ ಬಿಡದೆ ಕೀಳ್ತಿದ್ದೀಯ. ಮನೆಗೆ ಹೋಗಿ ಕಟ್ಟು, ಒಂದಷ್ಟು ವಾರ ಯಾವ ಹಸುವನ್ನೂ ತೋರಿಸಬೇಡ."

ಹಾಗೇ ಆಯಿತು. ಬಿಡುವು ಕೊಟ್ಟ ಮೇಲೆ ಹಸುಗಳು ಗಬ್ಬ ನಿಂತವು.

ಕಾಲೇಜಿನಲ್ಲಿ ಪುಟಗಟ್ಟಲೆ ಓದಿದ್ದ ವಿಷಯ ನನಗೆ ತಿಳಿದದ್ದು ಅಂದೇ. ಬೀಜದಲ್ಲಿ, ಅಂದರೆ ವೃಷಣದಲ್ಲಿ, ಹುಟ್ಟಿದ ವೀರ್ಯಾಣು ನೋಡಲು ಪೂರ್ತಿಯಾಗಿರುತ್ತದೆ, ಆದರೆ ಅದಕ್ಕೆ ಈಜಲು ಬರುವುದಿಲ್ಲ, ಅಂಡವನ್ನು ಹಿಡಿಯಲೂ ಬರುವುದಿಲ್ಲ. ಅದನ್ನೆಲ್ಲ ಅದು ಕಲಿಯುವುದು ಎಪಿಡಿಡಿಮಿಸ್ ಎಂಬ ಕೊಳವೆಯಲ್ಲಿ. ಬೀಜದ ಬೆನ್ನಿಗೆ ಅಂಟಿಕೊಂಡ ಒಂದು ಸುರುಳಿ ಅದು. ಬಿಡಿಸಿದರೆ ಹತ್ತಾರು ಮೀಟರ್ ಉದ್ದ, ಮಡಿಸಿದರೆ ಅಂಗೈಯಲ್ಲಿ ಹಿಡಿಯುತ್ತದೆ. ವಾರಕ್ಕೂ ಹೆಚ್ಚು ಕಾಲ ವೀರ್ಯಾಣು ಅದರಲ್ಲಿ ಮೆಲ್ಲಗೆ ಸಾಗುತ್ತದೆ. ಕೊಳವೆಯ ಗೋಡೆ ಅದಕ್ಕೆ ಬೇಕಾದ್ದನ್ನು ಲೇಪಿಸುತ್ತದೆ, ಬೇಡದ್ದನ್ನು ಕಳಚುತ್ತದೆ. ಕೊನೆಗೆ ಕೊಳವೆಯ ಬಾಲದಲ್ಲಿ, ಎಲ್ಲಕ್ಕಿಂತ ಕೆಳಗೆ, ತಂಪಾದ ಜಾಗದಲ್ಲಿ, ಬಲಿತವು ಬಂದು ಅಲುಗಾಡದೆ ಕಾಯುತ್ತವೆ. ಕರೆ ಬಂದಾಗಲೇ ಅವು ಏಳುವುದು.

ಮರುವರ್ಷ ಅದೇ ಹೋರಿಯನ್ನು ಉಳುಮೆಗೆ ಹೂಡಬೇಕೆಂದು ವೆಂಕಟಸ್ವಾಮಪ್ಪ ಬೀಜ ಒಡೆಸಲು ಕರೆತಂದರು. ಬೀಜದಿಂದ ಮೇಲಕ್ಕೆ ಹೋಗುವ ನಾಳವನ್ನು ಇಕ್ಕಳದಿಂದ ನಾನೇ ಒತ್ತಿದೆ. ಕೆಲಸ ಅಚ್ಚುಕಟ್ಟಾಗಿತ್ತು. ಆದರೆ ಮರುವಾರವೇ ಆ ಎತ್ತು ಬೇಲಿ ಹಾರಿ ಪಕ್ಕದ ಮನೆಯ ಮುನಿಯಮ್ಮನ ಹಸುವಿನ ಮೇಲೆ ಹೋಯಿತು, ಹಸು ಗಬ್ಬವಾಯಿತು. ಅದು ಗೊತ್ತಾದಾಗ ಅವರಿಬ್ಬರೂ ಒಟ್ಟಿಗೆ ಆಸ್ಪತ್ರೆಗೆ ಬಂದರು.

"ಏನಮ್ಮಣ್ಣಿ, ಬೀಜ ಒಡೆದ್ರಾ, ಇಲ್ಲಾ ಬೆನ್ನು ತಟ್ಟಿ ಕಳಿಸ್ಬಿಟ್ರಾ?" ಎಂದರು ವೆಂಕಟಸ್ವಾಮಪ್ಪ.

"ಬೆದೆಗೆ ಬಂದಿದ್ದ ಅಸೂನ ಸೀಮೆ ಓರಿಗೆ ಅಂತ ಇಟ್ಕೊಂಡಿದ್ದೆ" ಎಂದು ಮುನಿಯಮ್ಮ ಸೆರಗು ಝಾಡಿಸಿದರು. "ಈ ಎಂಕಟಸಾಮಿ ಎತ್ತು ಬಂದು ಕೆಲಸ ಕೆಡಿಸ್ತು. ಎತ್ತಂತೆ ಎತ್ತು!"

ನನಗೆ ನಗು ತಡೆಯಲಾಗಲಿಲ್ಲ. "ಬಂಗಾರಪೇಟೆ ಸ್ಟೇಷನ್ ಹತ್ತಿರ ರೈಲು ಬರುವಾಗ ಗೇಟು ಹಾಕ್ತಾರಲ್ಲ, ನಾನು ಹಾಕಿದ್ದೂ ಅಂಥದೇ ಗೇಟು. ಹಿಂದಿನ ಗಾಡಿಗಳು ನಿಂತವು. ಆದರೆ ಗೇಟು ದಾಟಿ ಮುಂದೆ ಹೋಗಿ ನಿಂತಿದ್ದ ಗಾಡಿ ಇತ್ತಲ್ಲ, ಅದನ್ನ ಯಾರು ತಡೀತಾರೆ? ಅದಕ್ಕೇ ಒಡೆಸಿದ ಮೇಲೆ ಕೆಲವು ವಾರ ಹಸುಗಳಿಂದ ದೂರ ಕಟ್ಟಬೇಕು."

ಮುನಿಯಮ್ಮ ಇದನ್ನು ಊರಿಗೆಲ್ಲ ಹೇಳಿಕೊಂಡು ನಕ್ಕರು. "ಗೇಟು ದಾಟಿದ ಗಾಡಿ" ಎಂಬುದು ಆ ಹಳ್ಳಿಯಲ್ಲಿ ಬೈಗುಳವೂ ಆಯಿತು, ಗಾದೆಯೂ ಆಯಿತು. ಆ ಮಾತು ಮುಂದೆ ನನ್ನ ನೆರವಿಗೆ ಬರುತ್ತದೆಂದು ಆಗ ಗೊತ್ತಿರಲಿಲ್ಲ.

ಕೆಲಸದ ರೀತಿ ಬದಲಾಯಿತು. ಹಸುವನ್ನು ಹೋರಿಯ ಹತ್ತಿರ ಹೊಡೆದುಕೊಂಡು ಹೋಗುವ ಬದಲು ನಾನೇ ಸ್ಕೂಟರಿನ ಮೇಲೆ ದ್ರವ ಸಾರಜನಕದ ಜಾಡಿ ಇಟ್ಟುಕೊಂಡು ಹಟ್ಟಿಗಳಿಗೆ ಹೋಗುತ್ತಿದ್ದೆ. ಮುಚ್ಚಳ ತೆಗೆದರೆ ಬಿಳಿ ಹೊಗೆ. ಅದರೊಳಗೆ ಸೀಮೆ ಹೋರಿಗಳ ವೀರ್ಯ ತುಂಬಿದ ನಳಿಕೆಗಳು. ಮುನಿಯಮ್ಮ ಅದಕ್ಕೆ "ಒಗೆ ಬಿಂದಿಗೆ" ಎಂದು ಹೆಸರಿಟ್ಟರು. ಆ ಬಿಂದಿಗೆಯಿಂದ ಡೈರಿಗೆ ಹಾಲು ಹರಿಯಿತು, ಎಷ್ಟೋ ಮನೆಗಳು ನಿಂತವು. ಆದರೆ ಆ ಭಾಗದ ನಾಟಿ ದನ, ಹಳ್ಳಿಕಾರ್ ತಳಿ, ಕಣ್ಣೆದುರೇ ತೆಳುವಾಯಿತು. ಕೊನೆಗೆ ವೆಂಕಟಸ್ವಾಮಪ್ಪನವರ ಹಳ್ಳಿಯಲ್ಲಿ ಉಳಿದದ್ದು ಒಂದೇ ಹಳ್ಳಿಕಾರ್ ಹೋರಿ, ಬಸಪ್ಪ.

ಬಸಪ್ಪ ಯಾರದೂ ಅಲ್ಲ. ಕರುವಾಗಿದ್ದಾಗಲೇ ಊರ ದೇವರಿಗೆ ಬಿಟ್ಟದ್ದು. ಅಂಥ ಬಸವನಿಗೆ ಮೂಗು ಚುಚ್ಚುವುದಿಲ್ಲ, ಹಗ್ಗ ಬಿಗಿಯುವುದಿಲ್ಲ, ನೊಗ ಹೂಡುವುದಿಲ್ಲ. ಯಾವ ಹೊಲ ಮೇದರೂ ಹೊಡೆಯುವುದಿಲ್ಲ. ಸತ್ತರೆ ಮನುಷ್ಯರಂತೆ ಮಣ್ಣು ಮಾಡುತ್ತಾರೆ, ದೇಹಕ್ಕೆ ಯಾರೂ ಕತ್ತಿ ತಾಗಿಸುವಂತಿಲ್ಲ. ಬಸಪ್ಪ ಬೆಳಗ್ಗೆ ಹಳ್ಳಿಯಲ್ಲಿದ್ದರೆ ಮಧ್ಯಾಹ್ನ ಕೆಜಿಎಫ್‌ನ ಚಾಂಪಿಯನ್ ರೀಫ್ಸ್‌ನಲ್ಲಿ ಗಣಿ ಕಾರ್ಮಿಕರ ಲೈನ್ ಮನೆಗಳ ಮುಂದೆ ನಿಂತಿರುತ್ತಿದ್ದ. ಅಲ್ಲಿ ಯಾರೋ ಇಡ್ಲಿ ಕೊಡುತ್ತಿದ್ದರು, ಇನ್ಯಾರೋ ಬಾಳೆಹಣ್ಣು. ಅವನ ಗಂಡುಕರುಗಳೆಲ್ಲ ಬೀಜ ಒಡೆಸಿಕೊಂಡು ಎತ್ತುಗಳಾಗಿದ್ದವು. ಹೆಣ್ಣುಗಳಿಗೆ ನಾನೇ ಸೀಮೆ ನಳಿಕೆ ಹಾಕಿದ್ದೆ. ಅವನ ನಂತರ ಆ ರಕ್ತ ಇರಲಿಲ್ಲ.

ನನ್ನ ಸೇವೆಯ ಕೊನೆಯ ವರ್ಷದ ಮಳೆಗಾಲ ಅದು. ಬಸಪ್ಪನ ಹೆಗಲ ಮೇಲೆ ಗಾಯವಾಗಿ ಹುಳು ಬಿದ್ದಿದೆ ಎಂದು ಬೆಳಗ್ಗೆಯೇ ಸುದ್ದಿ ಬಂತು. ನಾನು ಮತ್ತು ನಮ್ಮ ಆಸ್ಪತ್ರೆಯ ಸಹಾಯಕ ಸೆಲ್ವರಾಜ್ ಇಲಾಖೆಯ ಹಳೆಯ ಜೀಪಿನಲ್ಲಿ ಹೋದೆವು. ಸೆಲ್ವರಾಜ್ ಹುಟ್ಟಿ ಬೆಳೆದದ್ದು ಚಾಂಪಿಯನ್ ರೀಫ್ಸ್‌ನಲ್ಲೇ, ಗಣಿಯಲ್ಲಿ ದುಡಿದವರ ಮಗ. ಬಸಪ್ಪ ಲೈನ್ ಮನೆಗಳ ಹಿಂದಿನ ಬಯಲಲ್ಲಿ, ಹಳೆಯ ಗಣಿಯ ಮುರಿದ ಬೇಲಿಯ ಪಕ್ಕ ಹಸಿರು ಮೇಯುತ್ತಿದ್ದ. ಹಳ್ಳಿಯಿಂದ ವೆಂಕಟಸ್ವಾಮಪ್ಪ, ಮುನಿಯಮ್ಮ ಬಂದಿದ್ದರು.

ಔಷಧ ಹಾಕುವಾಗ ಹಿಡಿಯಲು ಹಗ್ಗ ಬೇಕು ಎಂದೆ. ವೆಂಕಟಸ್ವಾಮಪ್ಪ ತಲೆಯಾಡಿಸಿದರು. "ದೇವರಿಗೆ ಬಿಟ್ಟಿದ್ದು ಡಾಕ್ಟ್ರಮ್ಮ. ಅಗ್ಗ ಬೇಕಾದ್ರೆ ಸುಮ್ಕೆ ಕುತ್ತಿಗೆ ಮ್ಯಾಲೆ ಇಳಿಬಿಡಿ. ಗಂಟು ಮಾತ್ರ ಆಕ್ಬೇಡಿ."

ಗಂಟಿಲ್ಲದ ಹಗ್ಗದಲ್ಲಿ ಹೋರಿ ಹಿಡಿಯುವುದು ಯಾವ ಪಾಠದಲ್ಲೂ ಇಲ್ಲ. ಸಿಟ್ಟು ಬಂತು. ಆದರೂ ಹಗ್ಗವನ್ನು ಅವನ ಕುತ್ತಿಗೆಯ ಸುತ್ತ ಒಂದು ಸುತ್ತು ತಂದು, ಎರಡೂ ತುದಿಗಳನ್ನು ಸೇರಿಸಿ ಬಲಗೈಯಲ್ಲಿ ಬಿಗಿಯಾಗಿ ಹಿಡಿದೆ. ಸೆಲ್ವರಾಜ್ ಚೀಲದಿಂದ ಔಷಧವನ್ನೂ ಹತ್ತಿಯನ್ನೂ ತೆಗೆಯುತ್ತಿದ್ದ.

ಮುಂದಿನದನ್ನು ದಿನಕ್ಕೊಮ್ಮೆಯಾದರೂ ನೋಡುತ್ತೇನೆ. ತರಕಾರಿ ಹೆಚ್ಚುವಾಗ ನೋಡುತ್ತೇನೆ, ಬಸ್ಸಿಗೆ ಕಾಯುವಾಗ ನೋಡುತ್ತೇನೆ. ಮೊದಲು ಹುಲ್ಲು ತಗ್ಗಿತು, ಯಾರೋ ಕೆಳಗಿನಿಂದ ಉಸಿರೆಳೆದುಕೊಂಡ ಹಾಗೆ. ಆಮೇಲೆ ಮೂಟೆ ಇಳಿಸಿದಂಥ ಒಂದು ಸದ್ದು. ಬಸಪ್ಪನ ಹಿಂಗಾಲು ಕಾಣಲಿಲ್ಲ. ನಂತರ ಬೆನ್ನು ಕಾಣಲಿಲ್ಲ. ಅವನ ಮುಖ ನನ್ನ ಮುಖದ ಮಟ್ಟಕ್ಕೆ ಬಂತು, ಕಣ್ಣು ನೇರ ನನ್ನನ್ನೇ ನೋಡಿತು. ನಾನು ಹಗ್ಗ ಬಿಡಲಿಲ್ಲ. ಏಕೆ ಬಿಡಲಿಲ್ಲವೋ ಗೊತ್ತಿಲ್ಲ. ಪ್ರಾಣಿ ಕೊಸರಿದರೆ ಹಗ್ಗ ಬಿಡಬಾರದು ಎಂದು ಕೈ ಕಲಿತುಬಿಟ್ಟಿತ್ತು.

"ವಿಡುಂಗ ಮೇಡಂ! ಬಿಡಿ, ಬಿಡಿ!" ಸೆಲ್ವರಾಜ್ ತಮಿಳು, ಕನ್ನಡ ಎರಡರಲ್ಲೂ ಕಿರುಚಿದ. ನಾನು ಮುಂದಕ್ಕೆ ಮುಗ್ಗರಿಸಿದೆ. ಎಡಗಾಲಿನ ಚಪ್ಪಲಿ ಒಳಗೆ ಹೋಯಿತು. ಆಗ ಹಗ್ಗದ ಒಂದು ತುದಿ ಅಂಗೈಯನ್ನು ಸುಡುತ್ತ ಜಾರಿತು, ಬಸಪ್ಪನ ಕುತ್ತಿಗೆ ಸುತ್ತ ಸರ್ರನೆ ಬಿಚ್ಚಿಕೊಂಡಿತು, ನಾನು ಹಿಂದಕ್ಕೆ ಕೂತುಬಿದ್ದೆ. ಸೆಲ್ವರಾಜ್ ನನ್ನ ತೋಳು ಹಿಡಿದು ದರದರನೆ ಎಳೆದುಕೊಂಡು ಹೋದ. ಖಾಲಿ ಹಗ್ಗದ ಇನ್ನೊಂದು ತುದಿ ಆಗಲೂ ನನ್ನ ಕೈಯಲ್ಲೇ ಇತ್ತು.

ಗಂಟು ಹಾಕಿದ್ದರೆ? ಈ ಪ್ರಶ್ನೆಗೆ ಉತ್ತರ ಗೊತ್ತಿದೆ, ಆದರೂ ಕೇಳಿಕೊಳ್ಳುವುದು ನಿಂತಿಲ್ಲ.

ಹಳೆಯ ಗಣಿಯ ಮೇಲಿನ ಮಣ್ಣು ಕುಸಿದಿತ್ತು. ಕುಳಿ ತೀರ ಆಳವಿರಲಿಲ್ಲ, ಆದರೆ ಬಸಪ್ಪನ ಬೆನ್ನು ಮುರಿದಿತ್ತು. ಜನ ಸೇರಿದರು. ರಸ್ತೆ ಕೆಲಸದ ಕಡೆಯಿಂದ ಜೆಸಿಬಿ ಬರುವ ಹೊತ್ತಿಗೆ ಉಸಿರು ನಿಂತಿತ್ತು. ದೂರದ ಗಟ್ಟಿ ನೆಲದ ಮೇಲೆ ಯಂತ್ರ ನಿಲ್ಲಿಸಿ, ಅಗಲ ಪಟ್ಟಿ ಕಟ್ಟಿ ಮೇಲೆತ್ತಿದರು. ಮುನಿಯಮ್ಮ ಅವನ ಹಣೆಗೆ ಅರಿಶಿನ ಹಚ್ಚಿ ಅಳುತ್ತಿದ್ದರು. ನಾನು ಒಂದು ಕಲ್ಲಿನ ಮೇಲೆ ಕೂತು, ಬಟ್ಟೆ ಸುತ್ತಿದ ಕೈಯನ್ನು ನೋಡುತ್ತಿದ್ದೆ. ಆಗ ರಂಗನಾಥ ಸಾಹೇಬರ ಕಿಟಕಿ, ಆ ಬಿಸಿಲು ನೆನಪಾಯಿತು. ಹೃದಯ ನಿಂತರೂ ಎಪಿಡಿಡಿಮಿಸ್‌ನ ಬಾಲದಲ್ಲಿ ಬಲಿತವು ಕಾಯುತ್ತಿರುತ್ತವೆ. ತಂಪಾಗಿಟ್ಟರೆ ಒಂದು ದಿನವಾದರೂ ಕಾಯುತ್ತವೆ.

ವೆಂಕಟಸ್ವಾಮಪ್ಪನವರ ಹತ್ತಿರ ಹೋಗಿ ಹೇಳಿದೆ. ಬೀಜ ಎರಡನ್ನೂ ತೆಗೆದುಕೊಟ್ಟರೆ ಬಸಪ್ಪನ ಸಂತಾನ ಉಳಿಯಬಹುದು ಎಂದೆ.

ಅವರ ಮುಖ ಕಪ್ಪಾಯಿತು. "ಬದುಕಿದ್ದಾಗ ಮೂಗಿಗೆ ಸೂಜಿ ತಾಗಿಸಿಲ್ಲ. ಸತ್ ಮ್ಯಾಲೆ ಕತ್ತಿ ಆಕ್ತೀನಿ ಅಂತೀರಲ್ಲ! ನಿಮ್ ಜೀವ ಉಳಿಸಿದ್ದೇ ಈ ಕಟ್ಟಳೆ ಡಾಕ್ಟ್ರಮ್ಮ."

ಅವರು ಹೇಳಿದ್ದು ನಿಜ. ಮಾತಾಡಿದ್ದು ಮುನಿಯಮ್ಮ, ಅಳುತ್ತಲೇ.

"ಲೋ ಎಂಕಟಸಾಮಿ, ನಿನ್ ಎತ್ತು ಬೀಜ ಒಡೆಸ್ಕೊಂಡ್ ಬಂದ ಮ್ಯಾಲೂ ನಮ್ ಅಸೂನ ಗಬ್ಬ ಮಾಡ್ಲಿಲ್ವೇನ್ಲಾ? ಗೇಟು ದಾಟಿದ ಗಾಡಿ ಅಂತ ಅವತ್ತು ಈಯಮ್ಮ ಅಂದ್ರು. ಬಸಪ್ಪನ ಗಾಡೀನೂ ಒಳಗೆ ಅಂಗೇ ನಿಂತೈತೆ. ಡ್ರೈವರ್ ಓದ ಅಂತ ಜನ ತುಂಬಿದ ಗಾಡಿನ ಮಣ್ಣಾಗೆ ಊಳ್ತೀಯಾ?"

"ಸುಮ್ಕಿರು ಮುನಿಯಕ್ಕ. ಪೂರ್ತಿ ಮಣ್ಣಿಗೆ ಓಗ್ಬೇಕು ಅನ್ನೋದು ಇರೀಕರ ಕಾಲದಿಂದ ಬಂದಿದ್ದು."

"ಪೂರ್ತಿನೇ ಓಗ್ಲಿ, ಯಾರ್ ಬ್ಯಾಡ ಅಂದ್ರು? ಎಲ್ಲಾ ಒಂದೇ ದಿನ ಓಗ್ಬೇಕು ಅಂತ ದೇವರು ಅಂದೈತಾ?"

ವೆಂಕಟಸ್ವಾಮಪ್ಪ ಬಸಪ್ಪನ ಕೊಂಬು ಸವರಿದರು. ನನ್ನ ಕಡೆ ನೋಡದೆ ಹೇಳಿದರು: "ನಾಳೆ ವಾಪಸ್ ತರ್ಬೇಕು. ಗುಂಡೀಲಿ ಜಾಗ ಬಿಟ್ಟಿರ್ತೀನಿ."

ನನ್ನ ಬಲಗೈ ಮಡಚಲಾಗುತ್ತಿರಲಿಲ್ಲ. ಎಲ್ಲಿ ಕತ್ತಿ ಹಾಕಬೇಕೆಂದು ಎಡಗೈಯಲ್ಲಿ ತೋರಿಸಿದೆ, ಸೆಲ್ವರಾಜ್ ಬೀಜಗಳನ್ನು ತೆಗೆದ. ತೆಗೆದವನೇ ಜೀಪಿನಲ್ಲಿದ್ದ ಸಾರಜನಕದ ಜಾಡಿಯ ಮುಚ್ಚಳಕ್ಕೆ ಕೈ ಹಾಕಿದ. "ಇದ್ರಲ್ಲೇ ಆಕ್ಬಿಡೋಣ ಮೇಡಂ, ನೂರ್ ವರ್ಷ ಇರ್ತದೆ!"

ನಾನು ಕಿರುಚಿದ ರೀತಿಗೆ ಅವನು ಮುಚ್ಚಳ ಕೆಳಗೆ ಹಾಕಿಬಿಟ್ಟ. ನಮ್ಮ ಕಸುಬಿನವರು ಮಾತ್ರ ಮಾಡಬಲ್ಲ ತಪ್ಪು ಅದು. ಹೊಸಬರು ನೆನಪಿಡಿ: ಮೊಟ್ಟೆಯ ಹಳದಿ, ಗ್ಲಿಸರಿನ್ ಬೆರೆಸದೆ ಹೆಪ್ಪುಗಟ್ಟಿಸಿದರೆ ಒಳಗಿನ ನೀರು ಸೂಜಿಗಳಾಗಿ ಜೀವಕೋಶವನ್ನೇ ಸೀಳುತ್ತದೆ. ಬೇಕಾದದ್ದು ಬರೀ ತಂಪು. ಥರ್ಮೊಕೋಲ್ ಡಬ್ಬಿಯಲ್ಲಿ ಐಸು ಹಾಕಿ, ಅದರ ಮೇಲೆ ದಪ್ಪ ಬಟ್ಟೆ ಹಾಸಿ, ಐಸು ನೇರ ತಾಗದಂತೆ ಇಟ್ಟೆವು.

ಬೆಂಗಳೂರಿನ ಬಳಿ ಒಂದು ವೀರ್ಯ ಕೇಂದ್ರದಲ್ಲಿ ನನ್ನ ಸಹಪಾಠಿಯೊಬ್ಬಳಿದ್ದಳು. ಫೋನು ಮಾಡಿದೆ. ಜೀಪಿಗೆ ಅಷ್ಟು ದೂರ ಹೋಗುವ ಯೋಗ್ಯತೆ ಇರಲಿಲ್ಲ. ಬಂಗಾರಪೇಟೆಯಲ್ಲಿ ಮಧ್ಯಾಹ್ನದ ರೈಲು ಹಿಡಿದೆವು. ಡಬ್ಬಿ ನನ್ನ ತೊಡೆಯ ಮೇಲೆ, ಕಾಲಿಗೆ ಸೆಲ್ವರಾಜನ ದೊಡ್ಡ ಚಪ್ಪಲಿ. ಎದುರು ಕೂತಿದ್ದ ಹೂವಿನ ಹೆಂಗಸು ವಿಚಾರಿಸಿದಳು. "ಏನಮ್ಮಾ ಅದ್ರಾಗೆ, ಮೀನಾ?"

ಸೆಲ್ವರಾಜ್ ಗಂಭೀರವಾಗಿ ಹೇಳಿದ: "ಇಲ್ಲಮ್ಮಾ, ದೇವರದು."

ಅವಳು ತಕ್ಷಣ ಡಬ್ಬಿ ಮುಟ್ಟಿ ಕಣ್ಣಿಗೊತ್ತಿಕೊಂಡು, ಬುಟ್ಟಿಯಿಂದ ಒಂದು ಮೊಳ ಕನಕಾಂಬರ ತೆಗೆದು ಅದರ ಮೇಲಿಟ್ಟಳು. ಬೆಳಗ್ಗೆಯಿಂದ ಒಣಗಿದ್ದ ನನ್ನ ಕಣ್ಣಿಗೆ ಆಗ ನೀರು ಬಂತು.

ಸಂಜೆ ನನ್ನ ಗೆಳತಿ ಆ ಸುರುಳಿಯ ಬಾಲವನ್ನು ಬಿಡಿಸಿ, ಸಣ್ಣಗೆ ಸೀಳಿ, ಹೊರಬಂದ ಹಾಲಿನಂಥ ದ್ರವದ ಒಂದು ಹನಿಯನ್ನು ಗಾಜಿನ ಮೇಲೆ ಇಟ್ಟಳು. ಈಗ ಕಿಟಕಿ, ಕನ್ನಡಿ ಇಲ್ಲ; ಎಲ್ಲ ಪರದೆಯ ಮೇಲೆ ಕಾಣುತ್ತದೆ. ನೋಡಿದೆ. ಲೆಕ್ಕವಿಲ್ಲದಷ್ಟಿದ್ದವು. ಒಂದೂ ಅಲುಗಾಡುತ್ತಿರಲಿಲ್ಲ.

"ಹೋಯ್ತು" ಎಂದೆ.

"ಇಷ್ಟು ವರ್ಷ ಕೆಲಸ ಮಾಡಿ ಹೀಗೆ ಹೇಳ್ತೀಯಲ್ಲೇ! ಇವು ಇಲ್ಲಿ ಮಲಗಿರೋವೇ ಅಲ್ವಾ? ಎಬ್ಬಿಸದೆ ಏಳ್ತಾವಾ?" ಎಂದು ಅವಳು ಬೆಚ್ಚಗಿನ ಮೊಟ್ಟೆ ಹಳದಿಯ ದ್ರಾವಣ ಒಂದು ತೊಟ್ಟು ಬೆರೆಸಿದಳು.

ಮೊದಲು ಅಂಚಿನಲ್ಲಿ ಒಂದು ಬಾಲ ಮಿಡಿಯಿತು. ಅದರ ಪಕ್ಕದ್ದು. ಆಮೇಲೆ ಇಡೀ ಪರದೆ, ಗಾಳಿ ಬೀಸಿದ ರಾಗಿ ಹೊಲದ ಹಾಗೆ, ಒಂದು ಕಡೆಯಿಂದ ಎದ್ದಿತು. ನನ್ನ ಕಣ್ಣು ಅಭ್ಯಾಸದಂತೆ ಕುತ್ತಿಗೆಗಳನ್ನು ಹುಡುಕಿತು. ಅಲ್ಲಿ ಹನಿ ಇರಲಿಲ್ಲ. ಬಲಿತಿದ್ದವು. ಬೆಳಗ್ಗೆ ಆ ಕಣ್ಣು ನನ್ನನ್ನು ನೋಡುತ್ತ ಕೆಳಗೆ ಹೋದಾಗಲೂ ಇವು ಇಲ್ಲೇ ಸಿದ್ಧವಾಗಿ ನಿಂತಿದ್ದವು.

ಗೆಳತಿ ಅವನ್ನು ನಳಿಕೆಗಳಿಗೆ ತುಂಬಿ ಹೆಪ್ಪುಗಟ್ಟಿಸಿಟ್ಟಳು. ಮರುದಿನ ಉಳಿದದ್ದನ್ನೆಲ್ಲ ಹೊಸ ಬಟ್ಟೆಯಲ್ಲಿ ಸುತ್ತಿ, ಬಾಡಿದ ಆ ಕನಕಾಂಬರದ ಜೊತೆ ಹಳ್ಳಿಗೆ ತಂದೆ. ವೆಂಕಟಸ್ವಾಮಪ್ಪ ಬಸಪ್ಪನ ಸಮಾಧಿಯ ಹಿಂಗಾಲ ಕಡೆ ಒಂದು ಗುಂಡಿ ಬಿಟ್ಟು ಕಾದಿದ್ದರು. ಎರಡೂ ಕೈಯಲ್ಲಿ ಈಸಿಕೊಂಡು, ಇಟ್ಟು, ಮಣ್ಣೆಳೆದರು. ನಾನೂ ಒಂದು ಹಿಡಿ ಮಣ್ಣು ಹಾಕಿದೆ. ಹಾಕುವ ಮೊದಲು ನಿಂತ ನೆಲವನ್ನು ಕಾಲಲ್ಲಿ ಎರಡು ಸಲ ಒತ್ತಿ ನೋಡಿದೆ. ಈಗಲೂ ಹಾಗೇ ಮಾಡುತ್ತೇನೆ, ಮನೆಯ ಅಂಗಳದಲ್ಲೂ.

ನಾನು ನಿವೃತ್ತಳಾದೆ. ಮುನಿಯಮ್ಮ ಕುಪ್ಪಂ ಕಡೆಯಿಂದ ಒಂದು ಹಳ್ಳಿಕಾರ್ ಕಡಸನ್ನು ತಂದು ಸಾಕಿದ್ದರು. ಅದು ಬೆದೆಗೆ ಬಂದಾಗ ಬಸಪ್ಪನ ನಳಿಕೆ ಹಾಕಿಸಿದರು, ಗಬ್ಬ ನಿಲ್ಲಲಿಲ್ಲ. ಸತ್ತವನ ಬೀಜ ಚಿಗುರುತ್ತದೆಯೇ ಎಂದು ಊರವರು ಆಡಿಕೊಂಡರು. "ಮೊದಲ್ನೇ ಬಸ್ಸು ತಪ್ಪಿದ್ರೆ ಊರಿಗೇ ಓಗಲ್ವಾ?" ಎಂದು ಮುನಿಯಮ್ಮ ಬಾಯಿ ಮುಚ್ಚಿಸಿದರು. ಎರಡನೆಯ ಸಲ ಹಾಕಿದವಳು ಕಾವ್ಯಾ. ಅದು ನಿಂತಿತು.

ಕರು ಹುಟ್ಟಿ ಓಡಾಡುವಂತಾದ ಮೇಲೆ ಕಾವ್ಯಾ ನನ್ನನ್ನು ಕರೆದುಕೊಂಡು ಹೋದಳು. ಗಂಡು. ಬೂದು ಬಣ್ಣ, ಉದ್ದ ಮುಖ. "ಗೊರಸು ನೋಡಿ ಡಾಕ್ಟ್ರಮ್ಮ, ಬಸಪ್ಪಂದೇ" ಎಂದರು ವೆಂಕಟಸ್ವಾಮಪ್ಪ. ಇವನನ್ನೂ ದೇವರಿಗೇ ಬಿಡುವುದೆಂದು ಊರು ತೀರ್ಮಾನಿಸಿತ್ತು. ಕರುವಿಗೆ ಕಿವಿಯಲ್ಲಿ ಸಣ್ಣ ಗಾಯವಿತ್ತು. ಕಾವ್ಯಾ ಔಷಧ ತೆಗೆದಳು. ವೆಂಕಟಸ್ವಾಮಪ್ಪ ಒಂದು ಹಗ್ಗವನ್ನು ನನ್ನ ಕಡೆ ಚಾಚಿದರು.

"ನೀವೇ ಇಡ್ಕಳಿ."

ಕಾವ್ಯಾ ನನ್ನ ಮುಖ ನೋಡಿದಳು. ನಾನು ನೆಲವನ್ನು ಎರಡು ಸಲ ಒತ್ತಿ ನೋಡಿದೆ. ಹಟ್ಟಿಯ ಸಗಣಿ ಸಾರಿಸಿದ ಗಟ್ಟಿ ನೆಲ. ಹಗ್ಗ ತೆಗೆದುಕೊಂಡು ಕರುವಿನ ಕುತ್ತಿಗೆಯ ಸುತ್ತ ಒಂದು ಸುತ್ತು ತಂದು, ತುದಿಗಳನ್ನು ಸೇರಿಸಿ ಹಿಡಿದೆ.

"ಮೇಡಂ, ಗಂಟು?" ಎಂದಳು ಕಾವ್ಯಾ.

"ಬೇಡ."

ಔಷಧ ತಾಗಿದ್ದೇ ಕರು ಕೊಸರಿತು. ಹಗ್ಗ ನನ್ನ ಅಂಗೈಯ ಗೆರೆಯ ಮೇಲೆ ಜಾರಿತು. ಈ ಸಲ ನಾನೇ ಬೆರಳು ಸಡಿಲಿಸಿದೆ. ಕರು ನಾಲ್ಕು ಕಾಲೂ ನೆಲ ಬಿಟ್ಟು ನೆಗೆಯಿತು, ಮತ್ತೆ ನೆಲದ ಮೇಲೇ ಇಳಿಯಿತು, ನೇರ ಹೋಗಿ ತಾಯಿಯ ಕೆಚ್ಚಲಿಗೆ ಗುದ್ದಿ ಹಾಲು ಕುಡಿಯತೊಡಗಿತು.